ಹದಿನಾಲ್ಕು ಗಂಟೆಯ ಕಣ್ಣು

"ಮೊದ್ಲು ನಿನ್ ಕಣ್ಣಿಂದ ತೆಗ್ದು ತೋರ್ಸಪ್ಪ. ಆಮೇಲೆ ನನ್ ಕಣ್ಣು ಮುಟ್ಟೀಯಂತೆ" ಎಂದರು ದೊಡ್ಡಮುನಿಯಮ್ಮ. ನ್ಯಾಯವಾದ ಮಾತೇ. ತೊಂದರೆಯೆಂದರೆ, ನನ್ನ ಕಣ್ಣಿನಲ್ಲಿ ತೆಗೆಯುವುದಕ್ಕೆ ಏನೂ ಇರಲಿಲ್ಲ.

ಅದು ಎಪ್ಪತ್ತಮೂರನೆಯ ಇಸವಿ. ಶಿವಾಜಿನಗರದಲ್ಲಿ ಖುರ್ಷೀದ್ ಸಾಹೇಬರ ಕನ್ನಡಕದ ಅಂಗಡಿ. ಅಲ್ಲಿ ನಾನು ಕಾಂಟ್ಯಾಕ್ಟ್ ಲೆನ್ಸ್ ಕೂರಿಸುವ ಕೆಲಸ ಕಲಿಯುತ್ತಿದ್ದೆ. ಸಾಹೇಬರದು ಒಂದೇ ನಿಯಮ: ಗಿರಾಕಿಯ ಕಣ್ಣು ಮುಟ್ಟುವ ಮೊದಲು ಕಲಿಯುವವನು ತಾನೇ ಅಭ್ಯಾಸದ ಜೋಡಿ ಹಾಕಿಕೊಂಡು ಪಳಗಬೇಕು. ಮೊದಲ ದಿನ ಎರಡು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನನ್ನ ನೋಟ್‌ಬುಕ್ಕಿನಲ್ಲಿ ನಾನು ಹದಿನಾಲ್ಕು ಗಂಟೆ ಮುಟ್ಟಿದ್ದೆ. "ಸ್ವಲ್ಪ ಉರಿ, ಎಡಗಣ್ಣು ಕೆಂಪು" ಎಂದು ನಡುನಡುವೆ ಸೇರಿಸುವಷ್ಟು ಜಾಣ ಬೇರೆ! ನಿಜವಾಗಿ, ಬೆರಳ ತುದಿಯ ಆ ಗಟ್ಟಿ ಬಿಲ್ಲೆ ಹತ್ತಿರ ಬಂದರೆ ಸಾಕು, ನನ್ನ ರೆಪ್ಪೆ ಗಲಾಟೆಯ ದಿನದ ಅಂಗಡಿ ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿತ್ತು. ಜೋಡಿ ಡಬ್ಬಿಯಲ್ಲಿ ಸುಖವಾಗಿ ಮಲಗಿತ್ತು.

ದೊಡ್ಡಮುನಿಯಮ್ಮ ನನ್ನ ಮೊದಲ ಗಿರಾಕಿ. ಟಿನ್ ಫ್ಯಾಕ್ಟರಿಯಿಂದಾಚೆ ಊರು. ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ, ದಪ್ಪ ಕನ್ನಡಕ ಹಾಕಿದರೆ ಒಂದು ಮೆಟ್ಟಿಲು ಎರಡಾಗಿ ಕಂಡು ಎಡವುತ್ತಿದ್ದರು. ಅದಕ್ಕೇ ಡಾಕ್ಟರು ಲೆನ್ಸ್ ಬರೆದುಕೊಟ್ಟಿದ್ದರು. ಇವತ್ತು ಅದನ್ನು ಕೂರಿಸಿದರೆ ನಾನು ಫಿಟ್ಟರ್. ಇಲ್ಲದಿದ್ದರೆ ಮತ್ತೆ ಫ್ರೇಮ್ ಒರೆಸುವ ಮೇಜಿಗೆ.

"ತೋರ್ಸು ಯಗ್ನಾ. ನಿಂದು ಹದಿನಾಲ್ಕು ಗಂಟೆ ಕಣ್ಣು ಅಲ್ವಾ?" ಎಂದರು ಸಾಹೇಬರು. ಯಜ್ಞನಾರಾಯಣ ಎನ್ನುವ ನನ್ನ ಹೆಸರು ಅವರ ಬಾಯಲ್ಲಿ ಅಷ್ಟೇ ಉಳಿದಿತ್ತು.

ತಲೆ ಬಗ್ಗಿಸಿ, ಕಣ್ಣ ಕೆಳಗೆ ಅಂಗೈ ಒಡ್ಡಿ, ರೆಪ್ಪೆಯ ಕೊನೆ ಎಳೆದು ಜೋರಾಗಿ ಮಿಟುಕಿಸಿದೆ. "ಅಯ್ಯೋ, ಕೆಳಗೆ ಬಿತ್ತು!" ಎಂದೆ. ಸುಳ್ಳು ಹೇಳಿದಷ್ಟು ಸಲೀಸಾಗಿ ಲೆನ್ಸ್ ಹಾಕಿಕೊಳ್ಳಲು ಬಂದಿದ್ದರೆ ನಾನು ಯಾವತ್ತೋ ಫಿಟ್ಟರ್ ಆಗಿರುತ್ತಿದ್ದೆ.

ಲೆನ್ಸ್ ಬಿದ್ದರೆ ನಮ್ಮಲ್ಲಿ ಯಾರೂ ಹೆಜ್ಜೆ ಎತ್ತುವಂತಿಲ್ಲ. ಫ್ಯಾನ್ ಆರಿಸಿ, ಮಂಡಿಯೂರಿ, ಅಂಗೈಯಲ್ಲಿ ನೆಲ ಸವರಬೇಕು. ಅರವತ್ತರ ಸಾಹೇಬರು "ಯಾ ಅಲ್ಲಾ" ಎನ್ನುತ್ತ ಕೂತರು. ದೊಡ್ಡಮುನಿಯಮ್ಮನೂ ಸೆರಗು ಸಿಕ್ಕಿಸಿಕೊಂಡು ಇಳಿದರು. ಹುರುಳಿಕಾಳಿನಲ್ಲಿ ಕಲ್ಲು ಆರಿಸಿ ಪಳಗಿದ ಬೆರಳು, ಒಂದಂಗುಲವನ್ನೂ ಬಿಡಲಿಲ್ಲ. ಒಂದು ಗುಂಡುಸೂಜಿ, ಫ್ರೇಮಿನ ಎರಡು ಸ್ಕ್ರೂ, ಯಾರದೋ ಶರ್ಟಿನ ಗುಂಡಿ ಸಿಕ್ಕವು. ನಾನೂ ಹುಡುಕಿದೆ, ಎಲ್ಲರಿಗಿಂತ ಶ್ರದ್ಧೆಯಿಂದ. ಮಾಡಿದ್ದುಣ್ಣೋ ಮಹಾರಾಯ!

ಕಾಲು ಗಂಟೆಯಾದ ಮೇಲೆ ಆಕೆ ನೆಲ ಸವರುತ್ತಲೇ ನನ್ನ ಪಕ್ಕಕ್ಕೆ ಬಂದರು. ದನಿ ತಗ್ಗಿಸಿ, "ಬಿದ್ದಿದ್ರೆ ನನ್ ಕೈಗೆ ಸಿಕ್ಕೇ ಸಿಕ್ತಿತ್ತು ಕಣಪ್ಪ" ಎಂದರು.

ನಾನು ಮೇಜಿನ ಕೆಳಗೆ ಇನ್ನಷ್ಟು ಬಗ್ಗಿದೆ.

"ಭಯಾನಾ?"

"ಹೂಂ ಅಮ್ಮಾ."

"ನಂಗೂ ಅಷ್ಟೇ. ಎಲ್ಲಿಟ್ಟಿದ್ದೀಯೋ ತಗೊಂಬಾ ಹೋಗು. ನೀನ್ ಹಾಕ್ಕೊಂಡ್ರೆ ನಾನೂ ಹಾಕಿಸ್ಕೊತೀನಿ."

ಎದ್ದು ಹೋಗಿ ಡ್ರಾಯರಿನಿಂದ ಡಬ್ಬಿ ತಂದೆ. ಕೈ ತೊಳೆದು ಕನ್ನಡಿಯ ಮುಂದೆ ಕೂತೆ. ಮೂರು ಸಲ ರೆಪ್ಪೆ ಮುಚ್ಚಿಕೊಂಡಿತು. ನಾಲ್ಕನೆಯ ಸಲ ದೊಡ್ಡಮುನಿಯಮ್ಮ ತಾವೂ ಕೈ ತೊಳೆದು ಬಂದು, ಕರುವಿಗೆ ಔಷಧಿ ಹಾಕುವವರ ಹಾಗೆ ಹೆಬ್ಬೆರಳಿನಿಂದ ನನ್ನ ರೆಪ್ಪೆ ಎತ್ತಿ ಹಿಡಿದರು. ಲೆನ್ಸ್ ಕೂತಿತು. ಮೆಣಸಿನಪುಡಿ ಬಿದ್ದ ಹಾಗೆ ಉರಿ. ಸುರಿಯುವ ಕಣ್ಣೀರಲ್ಲೇ ಮತ್ತೆ ಕೈ ತೊಳೆದು ಅವರಿಗೂ ಕೂರಿಸಿದೆ, ಆಕೆ ಅಲ್ಲಾಡಲಿಲ್ಲ. ಬಾಗಿಲಿಗೆ ಹೋಗಿ ಹೊರಗಿನ ಮೆಟ್ಟಿಲು ನೋಡಿದರು. "ಒಂದೇ ಐತೆ!" ಎಂದು ಯಾರ ಕೈಯನ್ನೂ ಹಿಡಿಯದೆ ಇಳಿದರು.

ಖುರ್ಷೀದ್ ಸಾಹೇಬರು ಮೇಜಿನ ಬಳಿಗೆ ಬಂದರು. ಮಂಡಿಯ ದೂಳು ಕೊಡವಿಕೊಂಡು ನನ್ನ ನೋಟ್‌ಬುಕ್ ತೆರೆದರು. ಹದಿನಾಲ್ಕು ಗಂಟೆಯ ಕೆಳಗೆ ಒಂದು ಗೆರೆ ಎಳೆದು, ತಮ್ಮ ಕೈಯಾರೆ ಬರೆದರು: "ಮೊದಲ ದಿನ. ಎರಡು ಗಂಟೆ."