ಮರೆಬಿಲ್ಲೆ ಕಟ್ಟದ ಮಾವ

ಅಂಗಡಿಯ ಬಾಗಿಲುಗಳಿಗೆ ಬಂದವರ ಗುರುತು ಹಿಡಿಯುವ ಕಣ್ಣು ಬಂದ ಮೇಲೆ ಗದಗಿನ ಜನ ಕೊರಳಿಗೆ ಮರೆಬಿಲ್ಲೆ ಕಟ್ಟಿಕೊಳ್ಳದೆ ಪೇಟೆಗೆ ಹೋಗುತ್ತಿರಲಿಲ್ಲ. ಬಿಲ್ಲೆ ಇದ್ದರೆ ಗಿರಾಕಿಯೊಬ್ಬರು ಬಂದರೆಂದಷ್ಟೇ ಅಂಗಡಿಗೆ ತಿಳಿಯುತ್ತಿತ್ತು. ಇಲ್ಲದಿದ್ದರೆ ಅವರು ಫೋನಿನಲ್ಲಿ ಹುಡುಕಿದ್ದೆಲ್ಲ ತಿಳಿಯುತ್ತಿತ್ತು. ಚನ್ನವೀರಪ್ಪನವರು ಮಾತ್ರ ಎಂದೂ ಬಿಲ್ಲೆ ಕಟ್ಟಿದವರಲ್ಲ. "ಮುಚ್ಚಿಡಾಕ ನಂದೇನೈತಿ?" ಎನ್ನುತ್ತಿದ್ದರು.

ಮಗನ ಮದುವೆಗೆ ಸೀರೆ ಆರಿಸಲು ಅವರು ಸೊಸೆಯಾಗಲಿದ್ದ ಶಿವಲೀಲಾ ಮತ್ತು ಅವಳ ತಾಯಿಯ ಜೊತೆ ಅಂಗಡಿಯೊಳಗೆ ಕಾಲಿಟ್ಟರು. ಗೋಡೆ ಬೆಳಗಿತು. ಇಂಪಾದ ದನಿಯೊಂದು ಎಲ್ಲರಿಗೂ ಕೇಳುವಂತೆ ಹೇಳಿತು:

"ಸ್ವಾಗತ, ಚನ್ನವೀರಪ್ಪನವರೇ. ಸೊಸೆಯ ತೊನ್ನು ಅಂಟುತ್ತದೆಯೇ ಎಂದು ಹುಡುಕಿದ್ದೀರಿ. ಕಲೆ ಮುಚ್ಚುವ ಉದ್ದ ತೋಳಿನ ರವಿಕೆಗಳು ಎಡಗಡೆ ಇವೆ."

ಶಿವಲೀಲಾಳ ಮೊಣಕೈ ಮೇಲೆ ಬಿಳಿ ಕಲೆಯಿತ್ತು. ಹೆಣ್ಣು ನೋಡಲು ಹೋದ ದಿನವೇ ಅವಳು ಸೆರಗು ಸರಿಸಿ ಅದನ್ನು ತೋರಿಸಿದ್ದಳು. "ಅದಕ್ಕೇನವ್ವಾ, ಬಿಡು" ಎಂದು ದೊಡ್ಡ ಮನಸ್ಸಿನವರಂತೆ ನಕ್ಕವರು ಇವರೇ.

ಅಂಗಡಿಯವನು ಓಡಿಬಂದು ಗೋಡೆಯ ಬೆಳಕು ಆರಿಸಿದ. ಶಿವಲೀಲಾಳ ತಾಯಿ ನೆಲ ನೋಡುತ್ತ ನಿಂತರು. ಚನ್ನವೀರಪ್ಪನವರ ಕಿವಿ ಸುಡತೊಡಗಿತು. "ಅಲ್ಲವ್ವಾ, ನಾ ಸುಮ್ಮನ..." ಎಂದರು.

"ಅಂಟೂದಿಲ್ರಿ ಮಾವಾರ," ಎಂದಳು ಶಿವಲೀಲಾ. "ನನ್ನ ಕೇಳಿದ್ರ ನಾನ ಹೇಳ್ತಿದ್ದೆ. ಆವತ್ತು ನೀವು ನಕ್ಕದ್ದನ್ನ ನಾ ನಂಬಿದ್ದೆ."

ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ಅವರು ಕೈಮುಗಿದರು. "ತಪ್ಪಾತವ್ವಾ."

ಅವಳು ಆ ಕೈಗಳನ್ನೇ ನೋಡಿದಳು. ಆಮೇಲೆ, "ಬರ್ರಿ, ಸೀರಿ ನೋಡೂಣು," ಎಂದು ತಾಯಿಯ ಕೈಹಿಡಿದು ಮುಂದೆ ನಡೆದಳು. ಈ ಸಲ ಅವಳು ಮಾವಾರ ಎನ್ನಲಿಲ್ಲ.