ಸೊಟ್ಟ ಕಿರುಬೆರಳು

"ಅಲ್ಲಾಡಿಸಬೇಡಿ ಸರ್, ಇನ್ನೊಂದು ನಿಮಿಷ," ಎಂದಳು ಶಿಲ್ಪಿ ಮಾರ್ಗೊ.

ಅಲಾಂಜೊನ ಎರಡೂ ಕೈಗಳು ಬಕೆಟ್ಟಿನಲ್ಲಿದ್ದ, ಅಚ್ಚು ತೆಗೆಯುವ ನೀಲಿ ಲೇಪದಲ್ಲಿ ಮಣಿಕಟ್ಟು ದಾಟಿ ಮುಳುಗಿದ್ದವು. ಬೊಗಸೆ ಹಿಡಿದಂತೆ, ಕಿರುಬೆರಳಿಗೆ ಕಿರುಬೆರಳು ತಾಗಿಸಿ. ಲೇಪ ರಬ್ಬರಿನಂತೆ ಬಿಗಿಯುತ್ತಿತ್ತು. ಹಿಂದಿನ ಜಗಲಿಯ ಇನ್ನೊಂದು ತುದಿಯಲ್ಲಿ ಅವನಕ್ಕ ವರ್ಲೀನ್ ಜೋಳದ ಹಿಟ್ಟಿನಲ್ಲಿ ಹೊರಳಿಸಿದ ಮೀನಿನ ತುಂಡುಗಳನ್ನು ಒಂದೊಂದಾಗಿ ಎಣ್ಣೆಗೆ ಬಿಡುತ್ತಿದ್ದಳು.

"ಈಗ ಮೂಗು ತುರಿಸಿದ್ರೆ ಏನೋ ಮಾಡ್ತೀಯ?"

"ನೀನಿದ್ದೀಯಲ್ಲಕ್ಕ."

"ನನ್ನ ಕೈ ತುಂಬ ಖಾರದ ಪುಡಿ ಇದೆ. ಬರ್ಲಾ?"

ಕ್ಲಬ್ಬಿನಿಂದ ಬಂದಿದ್ದ ಕಿಪ್ ಹ್ಯಾನ್ಲನ್ ಸೂಟಿಗೆ ಎಣ್ಣೆ ಸಿಡಿಯದಷ್ಟು ದೂರದಲ್ಲಿ ನಿಂತು ನಕ್ಕ. ಅವನ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣದ ಗೋಡೆಯ ಮೇಲೆ ಹಳೆಯ ಆಟಗಾರರ ಕಂಚಿನ ಅಚ್ಚುಗಳಿದ್ದವು. ಚೆಂಡು ಎಸೆಯುವವನ ತೋಳು, ಒದೆಯುವವನ ಪಾದ. ಮೈಮೇಲೆ ಬೀಳುವವರ ನಡುವೆ ಓಡಿಹೋಗಿ ಆ ಚೆಂಡನ್ನು ಹಿಡಿಯುವವನು ರಿಸೀವರ್. ಅಲಾಂಜೊ ಪೆಟ್ವೆ ಅಂಥವನೊಬ್ಬ. ಅವನ ಕೈಗಳಿಗೆ ಆ ಗೋಡೆಯಲ್ಲಿ ಜಾಗ ಸಿಗುವ ಹೊತ್ತಿಗೆ ಅವನಿಗೆ ಎಪ್ಪತ್ತು ದಾಟಿತ್ತು.

ಮಾರ್ಗೊ ತಲೆಯಾಡಿಸಿದಳು. ಕೈಗಳು ಕೆಸರಿನಿಂದ ಬೂಟು ಕಿತ್ತಂತೆ ಸದ್ದು ಮಾಡುತ್ತ ಹೊರಬಂದವು. ಬಲಗೈಯ ಕಿರುಬೆರಳು ಮಧ್ಯದ ಗೆಣ್ಣಿನಿಂದ ಪಕ್ಕಕ್ಕೆ ಸೊಟ್ಟಗಾಗಿ, ಉಳಿದ ನಾಲ್ಕರ ಸಹವಾಸವೇ ಬೇಡವೆಂಬಂತೆ ಬೇರೆ ದಿಕ್ಕಿಗೆ ಚಾಚಿತ್ತು.

"ಕಂಚು ಎರೆಯೋ ಮುಂಚೆ ಆ ಬೆರಳನ್ನ ಮೇಣದ ಅಚ್ಚಿನಲ್ಲಿ ನೆಟ್ಟಗೆ ಮಾಡ್ಬಿಡೋಣ, ಅಲ್ವಾ ಮಾರ್ಗೊ?" ಎಂದ ಕಿಪ್.

"ಮಾಡಬಹುದು. ಕತ್ತರಿಸಿ, ತಿರುಗಿಸಿ, ಅಂಟಿಸೋದು."

"ಯಾರ ಬೆರಳನ್ನ?" ಎಂದ ಅಲಾಂಜೊ.

"ಮಾಡ್ಲಿ ಬಿಡೋ," ವರ್ಲೀನ್ ಮೀನು ಮಗುಚುತ್ತ ಅಂದಳು. "ಆ ಗೋಡೆ ಮೇಲಾದ್ರೂ ನೆಟ್ಟಗಿರ್ಲಿ. ಅನಾವರಣಕ್ಕೆ ಬನ್ನಿ ಅಂತ ಚರ್ಚಿನವರಿಗೆಲ್ಲ ಹೇಳಿಯಾಗಿದೆ, ಹೊಸ ಹ್ಯಾಟೂ ತಂದಾಗಿದೆ. ಈಗ ತಗಾದೆ ತೆಗೀಬೇಡ."

"ಇಲ್ಲಾಂದ್ರೆ ಹೆಬ್ಬೆರಳು ಜೋಡಿಸಿ ಇನ್ನೊಂದು ಅಚ್ಚು ತೆಗೆಯೋಣ ಸರ್," ಎಂದ ಕಿಪ್. "ಕಿರುಬೆರಳು ಕೈಯಲ್ಲಿಡೋ ಕಂಚಿನ ಚೆಂಡಿನ ಹಿಂದೆ ಹೋಗುತ್ತೆ. ಕಾಣೋದೇ ಇಲ್ಲ."

ಅಲಾಂಜೊ ಟವೆಲಿನಲ್ಲಿ ಕೈ ಒರೆಸಿಕೊಂಡ. "ಎದೆ ಮೇಲೆ ಬಂದ ಚೆಂಡಿಗೆ ಹೆಬ್ಬೆರಳು ಜೋಡಿಸ್ತೀವಿ ಕಣಯ್ಯ. ಸೊಂಟದ ಕೆಳಗೆ ಬಂದಿದ್ದಕ್ಕೆ ಕಿರುಬೆರಳು. ನಿಮ್ಮ ಟಿಕೆಟ್ ಮೇಲೆಲ್ಲ ಛಾಪಿಸ್ತೀರಲ್ಲ ಆ ಕ್ಯಾಚು, ಅದು ಹುಲ್ಲಿಂದ ಒಂದು ಗೇಣು ಮೇಲೂ ಇರ್ಲಿಲ್ಲ. ಹಿಮ ಬೀಳ್ತಿತ್ತು. ಅದಕ್ಕೆ ಮುಂಚೆನೇ ಬೆರಳಿನ ಕೀಲು ತಪ್ಪಿತ್ತು. ನಿಮ್ಮ ಡಾಕ್ಟ್ರು ಒಂದ್ಸಲ ಎಳೆದ, ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿದ. 'ಆಟ ಬಿಟ್ಟು ಕೂತ್ಕೊಳ್ತೀಯ? ನಿನ್ನ ಜಾಗಕ್ಕೆ ಹೊಸಬ ರೆಡಿ ಇದ್ದಾನೆ' ಅಂದ. ಎದ್ದು ಹೋದೆ. ಹಿಡಿದೆ. ಸರಿಮಾಡಿಸ್ಕೊಳ್ಳೋಕೆ ರಜೆ ಕೇಳಿದ್ರೆ ಕೆಲಸನೇ ಹೋಗ್ತಿತ್ತು. ಇದೇ ಬೆರಳಲ್ಲಿ ಇನ್ನೂ ಏಳು ವರ್ಷ ಹಿಡಿದೆ."

ಬಾಣಲೆಯ ಮೇಲೆ ವರ್ಲೀನಳ ಜಾಲರಿ ಸೌಟು ನಿಂತಿತು. "ಡಾಕ್ಟ್ರು ಹಾಗಂದಿದ್ದನ್ನ ನೀನು ನನಗೆ ಹೇಳೇ ಇಲ್ವಲ್ಲೋ."

"ಹೇಳಿದ್ರೆ ನೀನು ಅಲ್ಲಿಗೇ ಬರ್ತಿದ್ದೆ. ಬಾಣಲೆ ಸಮೇತ."

ಕಿಪ್ ದನಿ ತಗ್ಗಿಸಿದ. "ಅದೇ ತೊಂದರೆ ಸರ್. ನಿಮ್ಮ ಜೊತೆ ಆಡಿದವರು ಕೋರ್ಟಿಗೆ ಹೋಗಿದ್ದಾರೆ, ಪೆಟ್ಟು ಬಿದ್ದ ಮೇಲೂ ಬಲವಂತವಾಗಿ ಆಡಿಸಿದ್ರು ಅಂತ. ಹಾಗೆ ನಡೆದೇ ಇಲ್ಲ ಅಂತ ನಮ್ಮ ವಕೀಲರು ಹೇಳ್ತಿರುವಾಗ, ನಾವೇ ಈ ಬೆರಳನ್ನ ಗೋಡೆಗೆ ಹಾಕೋದು ಹೇಗೆ?"

"ಹಾಕ್ಬೇಡಿ."

ಕಿಪ್ ಅಂಗಳಕ್ಕಿಳಿದು, ಪೆಕಾನ್ ಮರದ ಕೆಳಗೆ ಅತ್ತಿತ್ತ ತಿರುಗುತ್ತ ಫೋನಿನಲ್ಲಿ ಮಾತಾಡಿದ. ಮಾರ್ಗೊ ಬಕೆಟ್ಟಿನ ಬಾಯಿಗೆ ಒದ್ದೆ ಬಟ್ಟೆ ಹೊದಿಸಿದಳು. ಹಿಂದಿರುಗುವಾಗ ಕಿಪ್ಪನ ಮುಖ ಅರಳಿತ್ತು.

"ಮಾಲೀಕರು ಒಪ್ಪಿದ್ರು! ಬೆರಳು ಹೇಗಿದೆಯೋ ಹಾಗೇ ಇರ್ಲಿ. ತುಂಬಿದ ಕ್ರೀಡಾಂಗಣದ ನಡುವೆ ನೀವು. ನಿಮ್ಮಕ್ಕನಿಗೆ ಮೊದಲನೇ ಸಾಲು, ಚರ್ಚಿನವರಿಗೂ ಸೀಟು. ಒಂದೇ ಒಂದು ಮಾತು ಸರ್. ಪತ್ರಿಕೆಯವರು ಕೇಳಿದ್ರೆ, ಆಟ ಬಿಟ್ಟ ಮೇಲೆ ಕಾರಿನ ಬಾಗಿಲಿಗೆ ಸಿಕ್ಕಿ ಮುರೀತು ಅನ್ನಿ. ಅಷ್ಟೆ. ಒಂದು ವಾಕ್ಯ."

ವರ್ಲೀನ್ ಒಲೆ ಆರಿಸಿದಳು. ತಮ್ಮನ ಕಡೆ ನೋಡಲಿಲ್ಲ.

"ಯಾವ ಕಾರಿನ ಬಾಗಿಲು?" ಎಂದು ಕಿಪ್ಪನನ್ನೇ ಕೇಳಿದಳು.

"ಯಾವುದಾದ್ರೂ ಆಗುತ್ತಮ್ಮ."

"ಹಾಗಾದ್ರೆ ಹೊರಗೆ ನಿಂತಿರೋ ನಿನ್ನ ಕಾರಿಂದು ಅನ್ನಲಾ?"

ಕಿಪ್ ಅವಳನ್ನು ಬಿಟ್ಟು ಅಲಾಂಜೊನ ಹತ್ತಿರ ಬಂದು ಬಗ್ಗಿದ. "ಯೋಚನೆ ಮಾಡಿ ಸರ್. ನೀವು ಹೋದ ಮೇಲೂ ಇರುತ್ತೆ ಆ ಕೈ. ಇಂಥ ಅವಕಾಶ ಮತ್ತೆ ಬರಲ್ಲ."

"ಗೊತ್ತು," ಎಂದ ಅಲಾಂಜೊ. ಅಕ್ಕ ಮುಂದಿಟ್ಟ ತಟ್ಟೆಯಿಂದ ಒಂದು ತುಂಡು ಮುರಿದ. ಒಳಗಿಂದ ಹಬೆ ಎದ್ದಿತು.

"ಹಾಗಾದ್ರೆ ಹೇಳ್ತೀರಲ್ಲ?"

"ಹೇಳಲ್ಲ."