ಸವಾರಿಗೆ ತಕ್ಕ ಉಡುಪು

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಖುಷಿಗೆ ಚಂದ್ರಮೌಳಿ ಕುದುರೆ ಫಾರ್ಮೊಂದರಲ್ಲಿ ಮೂರು ದಿನದ ರಜೆ ಗೊತ್ತುಮಾಡಿದ. ಬಟ್ಟೆ ಕೊಳ್ಳಲು ಹೆಂಡತಿ ಶಾಂಭವಿಯೊಂದಿಗೆ ಅಂಗಡಿಗೆ ಹೋದವನು ತನಗೆ ಅಗಲ ಅಂಚಿನ ಟೋಪಿ, ಕುಚ್ಚು ನೇತಾಡುವ ಜಾಕೆಟ್ಟು, ಬಿಗಿಯಾದ ಜೀನ್ಸ್ ಆರಿಸಿಕೊಂಡ.

ಶಾಂಭವಿ ಪ್ಯಾಂಟುಗಳ ಒಳಮಗ್ಗುಲು ತಿರುವಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು.

“ಒಳಗಡೆ ಯಾರೇ ನೋಡ್ತಾರೆ?” ಎಂದು ಅವನು ನಕ್ಕ.

“ಹೊಲಿಗೆ ದಪ್ಪ ಇದ್ರೆ ತೊಡೆ ತರಚಿಹೋಗುತ್ತೆ ರೀ. ನಿಮ್ಮ ಜೀನ್ಸೂ ಬೇಡ, ಕಾಲೆತ್ತಿದ್ರೆ ಹರಿಯುತ್ತೆ.”

“ಮೊಬೈಲಲ್ಲಿ ಓದ್ಕೊಂಡು ಬಂದು ನಂಗೇ ಪಾಠ ಹೇಳ್ತೀಯಾ?”

ಅವಳು ಮಾತು ಬೆಳೆಸದೆ ಮೆತ್ತನೆಯ ಪ್ಯಾಂಟು, ತುಂಬುತೋಳಿನ ಅಂಗಿ, ಸಣ್ಣ ಹಿಮ್ಮಡಿಯ ಬೂಟು ಕೊಂಡಳು.

ಫಾರ್ಮಿನಲ್ಲಿ ಚಂದ್ರಮೌಳಿ ಕುದುರೆ ಹತ್ತಲು ಹೋದಾಗ ಜಾಕೆಟ್ಟಿನ ಕುಚ್ಚುಗಳು ಗಾಳಿಗೆ ಹಾರಿ ಅದು ಬೆದರಿತು. ಮತ್ತೊಮ್ಮೆ ಹತ್ತಲು ಕಾಲೆತ್ತಿದಾಗ ಜೀನ್ಸ್ ಪರ್ರೆಂದು ಹರಿಯಿತು. ಅವನು ಟೋಪಿಯಿಂದ ಹಿಂಭಾಗ ಮುಚ್ಚಿಕೊಂಡು ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟ.

ತರಬೇತುದಾರ ಶಾಂಭವಿಗೆಂದು ಒಂದು ಮುದಿ ಕುದುರೆ ತಂದ. ಅವಳು, “ಆ ಕಪ್ಪು ಕುದುರೆ ಕೊಡ್ತೀರಾ?” ಎಂದಳು. ತಾನೇ ಜೀನು ಬಿಗಿದು, ಹತ್ತಿ, ಮೈದಾನವನ್ನು ನಾಗಾಲೋಟದಲ್ಲಿ ಎರಡು ಸುತ್ತು ಹಾಕಿ ಬಂದು ಗಂಡನ ಮುಂದೆ ಕುದುರೆ ನಿಲ್ಲಿಸಿದಳು.

ಅವನು ಬಾಯಿಬಿಟ್ಟು ನೋಡುತ್ತಿದ್ದ. “ಇದನ್ನ ಯಾವಾಗ ಕಲಿತೆ?”

“ನಮ್ಮ ಸೋದರಮಾವ ಕುದುರೆ ಪಳಗಿಸ್ತಿದ್ರಲ್ಲ. ಮದುವೆ ಆಗೋವರೆಗೂ ದಿನಾ ಬೆಳಗ್ಗೆ ಸವಾರಿ ಮಾಡ್ತಿದ್ದೆ.”

“ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?”

ಶಾಂಭವಿ ಕುದುರೆಯ ಕತ್ತು ತಟ್ಟುತ್ತ ಹೇಳಿದಳು: “ಹೆಣ್ಣು ನೋಡೋಕೆ ಬಂದಾಗ ನೀವು ಹಾಡು ಬರುತ್ತಾ ಅಂತ ಮಾತ್ರ ಕೇಳಿದ್ರಿ.”